ವಿಕಿಡೇಟಾ ಎಪಿಐ ಮೂಲಕ ಕರಾವಳಿಯ ಮಾಹಿತಿಯನ್ನು ಹುಡುಕಿ ಪಡೆಯುವ ಬಗೆ: ಸಮಗ್ರ ಮಾರ್ಗದರ್ಶಿ

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಸಾಹಿತಿಗಳು, ಊರುಗಳು, ದೇವಾಲಯಗಳು, ಹಳೆಯ ಪತ್ರಿಕೆಗಳು ಇವುಗಳ ಪಟ್ಟಿಯೊಂದನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಲು ಹೊರಟ ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದೊಂದೇ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿ, ಸಿಕ್ಕಿದ್ದನ್ನು ಎಕ್ಸೆಲ್ ಹಾಳೆಗೆ ನಕಲು ಮಾಡುತ್ತಾರೆ. ಹೆಸರುಗಳು ಕಡಿಮೆ ಇರುವಾಗ ಇದು ನಡೆಯುತ್ತದೆ. ಪಟ್ಟಿ ಬೆಳೆದಂತೆ ಯಾವ ಇಸವಿ ಎಲ್ಲಿಂದ ಬಂತು, ಎರಡು ಸಾಲುಗಳಲ್ಲಿರುವ ಗೋವಿಂದ ಪೈಗಳು ಒಬ್ಬರೇ ಅಥವಾ ಇಬ್ಬರೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗದಂತಾಗುತ್ತದೆ. ಇದೇ ಕೆಲಸವನ್ನು ವಿಕಿಡೇಟಾದ ಎಪಿಐ, ಅಂದರೆ ನಮ್ಮ ಪ್ರೋಗ್ರಾಂ ಜಾಲತಾಣದಿಂದ ನೇರವಾಗಿ ಮಾಹಿತಿ ಕೇಳಿ ಪಡೆಯುವ ವ್ಯವಸ್ಥೆಯ ಮೂಲಕ ಮಾಡಿದರೆ ಪಟ್ಟಿ ವ್ಯವಸ್ಥಿತವಾಗುತ್ತದೆ, ಅದನ್ನು ಮುಂದೆ ತಿದ್ದಿ ನವೀಕರಿಸುವುದಕ್ಕೂ ದಾರಿಯಿರುತ್ತದೆ. ವಿಕಿಡೇಟಾ 2012ರ ಅಕ್ಟೋಬರ್‌ನಲ್ಲಿ ಆರಂಭವಾದ ಮುಕ್ತ ದತ್ತಾಂಶ ಭಂಡಾರ. ಅದರಲ್ಲಿರುವ ದತ್ತಾಂಶ ಸಿಸಿ ಝೀರೊ ಪರವಾನಗಿಯಡಿ ಇರುವುದರಿಂದ ಯಾರ ಅನುಮತಿಯನ್ನೂ ಕೇಳದೆ ಬಳಸಬಹುದು. ಓದುವುದಕ್ಕೆ ಖಾತೆಯಾಗಲಿ ಕೀಲಿಯಾಗಲಿ ಬೇಕಾಗಿಲ್ಲ.

ಒಂದು ಸೂಚನೆಯನ್ನು ಮೊದಲೇ ಕೊಡಬೇಕು. ಈ ಬರಹದಲ್ಲಿ, ವಿನಂತಿಯೊಡನೆ ಕೊಡುವ ಸೂಚನೆಗಳಾದ ಪ್ಯಾರಾಮೀಟರ್‌ಗಳ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಬರೆದಿದೆ. ವಿಳಾಸದಲ್ಲಿ ಟೈಪ್ ಮಾಡುವಾಗ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು. ಕ್ಯೂ ಮತ್ತು ಪಿ ಎಂಬ ಗುರುತುಗಳು ಮಾತ್ರ ದೊಡ್ಡ ಅಕ್ಷರಗಳು.

ಐಟಂ, ಗುರುತುಸಂಖ್ಯೆ, ಹೆಸರು

ವಿಕಿಡೇಟಾದಲ್ಲಿ ಪ್ರತಿಯೊಂದು ವ್ಯಕ್ತಿ, ಸ್ಥಳ, ಪುಸ್ತಕ ಅಥವಾ ಪರಿಕಲ್ಪನೆಗೂ ಒಂದು ಐಟಂ ಇರುತ್ತದೆ. ಪ್ರತಿಯೊಂದು ಐಟಂಗೂ ಕ್ಯೂ ಅಕ್ಷರದಿಂದ ಆರಂಭವಾಗುವ ಒಂದು ಗುರುತುಸಂಖ್ಯೆ ಇರುತ್ತದೆ. ಭಾರತ ಕ್ಯೂ668, ಕರ್ನಾಟಕ ಕ್ಯೂ1185, ಕನ್ನಡ ಭಾಷೆ ಕ್ಯೂ33673. ಐಟಂನ ಬಗ್ಗೆ ಹೇಳುವ ಗುಣಗಳಿಗೆ ಪಿ ಅಕ್ಷರದ ಸಂಖ್ಯೆಗಳಿವೆ: ಯಾವ ಬಗೆಯದು ಎಂಬುದಕ್ಕೆ ಪಿ31, ಜನ್ಮದಿನಾಂಕಕ್ಕೆ ಪಿ569, ಜನ್ಮಸ್ಥಳಕ್ಕೆ ಪಿ19, ವೃತ್ತಿಗೆ ಪಿ106, ಯಾವ ಆಡಳಿತ ಪ್ರದೇಶಕ್ಕೆ ಸೇರಿದೆ ಎಂಬುದಕ್ಕೆ ಪಿ131, ಅಕ್ಷಾಂಶ ರೇಖಾಂಶಗಳಿಗೆ ಪಿ625.

ಇಡೀ ಕೆಲಸದ ಅಡಿಪಾಯ ಹುಡುಕುವುದು ಮತ್ತು ಪಡೆಯುವುದು ಬೇರೆ ಬೇರೆ ಎಂಬ ತಿಳುವಳಿಕೆಯಲ್ಲಿದೆ. ಹುಡುಕುವಾಗ ನಾವು ಕೊಡುವುದು ಹೆಸರನ್ನು, ಸಿಗುವುದು ಅದಕ್ಕೆ ಹೊಂದಬಹುದಾದ ಹಲವು ಐಟಂಗಳು. ಪಡೆಯುವಾಗ ನಾವು ಕೊಡುವುದು ಕ್ಯೂ ಸಂಖ್ಯೆಯನ್ನು, ಸಿಗುವುದು ಒಂದೇ ಐಟಂ. ತುಳುನಾಡಿನ ಊರೊಂದಕ್ಕೆ ಹೋಗಿ ಶೆಟ್ಟರ ಮನೆ ಎಲ್ಲಿ ಎಂದು ಕೇಳಿದರೆ ಯಾವ ಶೆಟ್ಟರು ಎಂಬ ಮರುಪ್ರಶ್ನೆ ಬರುತ್ತದೆ. ಗುತ್ತಿನ, ಅಂದರೆ ಹಿರಿಯ ಮನೆತನದ, ಹೆಸರನ್ನೋ ಮನೆಯ ಹೆಸರನ್ನೋ ಹೇಳಿದರೆ ನೇರವಾಗಿ ಆ ಮನೆಯ ಅಂಗಳಕ್ಕೆ ಕರೆದೊಯ್ಯುತ್ತಾರೆ. ಕ್ಯೂ ಸಂಖ್ಯೆಯೂ ಹಾಗೆಯೇ. ಆದುದರಿಂದ ಪ್ರತಿಯೊಂದು ಹೆಸರನ್ನೂ ಒಮ್ಮೆ ಮಾತ್ರ ಹುಡುಕಿ, ಸರಿಯಾದ ಐಟಂ ಯಾವುದೆಂದು ಕಣ್ಣಾರೆ ನೋಡಿ ಖಚಿತಪಡಿಸಿಕೊಂಡು, ಅದರ ಸಂಖ್ಯೆಯನ್ನು ಪಟ್ಟಿಯಲ್ಲಿ ಬರೆದಿಟ್ಟು, ಅಲ್ಲಿಂದ ಮುಂದೆ ಎಲ್ಲ ವ್ಯವಹಾರವನ್ನೂ ಆ ಸಂಖ್ಯೆಯ ಮೂಲಕವೇ ನಡೆಸಬೇಕು.

ಮೊದಲ ವಿನಂತಿ

ವಿಕಿಡೇಟಾದ ಆ್ಯಕ್ಷನ್ ಎಪಿಐಗೆ ಇರುವುದು ಒಂದೇ ವಿಳಾಸ: ವಿಕಿಡೇಟಾ ಜಾಲತಾಣದ ವಿಳಾಸದ ಮುಂದೆ ಡಬ್ಲ್ಯೂ ಎಂಬ ಕಡತಕೋಶ, ಅದರೊಳಗೆ ಎಪಿಐ ಡಾಟ್ ಪಿಎಚ್‌ಪಿ. ಇದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಹೆಸರು ಮತ್ತು ಮೌಲ್ಯಗಳ ಜೋಡಿಗಳನ್ನು ಆ್ಯಂಪರ್‌ಸ್ಯಾಂಡ್ ಚಿಹ್ನೆಯಿಂದ ಬೇರ್ಪಡಿಸಿ ಬರೆದರೆ ವಿನಂತಿ ಸಿದ್ಧವಾಗುತ್ತದೆ. ಆ್ಯಕ್ಷನ್ ಎಂಬ ಪ್ಯಾರಾಮೀಟರ್ ಯಾವ ಕೆಲಸವಾಗಬೇಕು ಎಂಬುದನ್ನು ಹೇಳುತ್ತದೆ; ಫಾರ್ಮ್ಯಾಟ್ ಎಂಬುದಕ್ಕೆ ಜೇಸನ್ (ಪ್ರೋಗ್ರಾಂಗಳು ಸುಲಭವಾಗಿ ಓದುವ ಪಠ್ಯರೂಪ) ಎಂಬ ಮೌಲ್ಯವನ್ನು ಎಲ್ಲ ವಿನಂತಿಗಳಲ್ಲಿಯೂ ಕೊಡಬೇಕು. ಬ್ರೌಸರ್‌ನೊಳಗಿನ ಜಾವಾಸ್ಕ್ರಿಪ್ಟ್‌ನಿಂದ ನೇರವಾಗಿ ಕರೆಯುವುದಾದರೆ ಆರಿಜಿನ್ ಎಂಬ ಪ್ಯಾರಾಮೀಟರ್‌ಗೆ ನಕ್ಷತ್ರ ಚಿಹ್ನೆಯನ್ನು ಕೊಡದೆ ಇದ್ದರೆ ಬ್ರೌಸರ್ ಉತ್ತರವನ್ನು ತಡೆಹಿಡಿಯುತ್ತದೆ.

ಪ್ರೋಗ್ರಾಂ ಬರೆಯುವ ಮೊದಲು ವಿಕಿಡೇಟಾದಲ್ಲಿಯೇ ಇರುವ ಎಪಿಐ ಸ್ಯಾಂಡ್‌ಬಾಕ್ಸ್ ಎಂಬ ವಿಶೇಷ ಪುಟವನ್ನು ತೆರೆದು ಅಲ್ಲಿ ವಿನಂತಿಗಳನ್ನು ಪ್ರಯೋಗಿಸಿ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಪ್ರತಿ ಪ್ಯಾರಾಮೀಟರ್‌ನ ವಿವರಣೆ, ಅದರ ಮಿತಿ, ಸಿದ್ಧವಾದ ವಿಳಾಸ ಮತ್ತು ಬಂದ ಉತ್ತರ ಎಲ್ಲವೂ ಅಲ್ಲಿ ಒಂದೇ ಕಡೆ ಕಾಣುವುದರಿಂದ, ತಪ್ಪು ವಿನಂತಿಯಲ್ಲಿದೆಯೋ ನಮ್ಮ ಪ್ರೋಗ್ರಾಂನಲ್ಲಿದೆಯೋ ಎಂದು ಗೊಂದಲಪಡುವ ಪ್ರಮೇಯ ಬರುವುದಿಲ್ಲ.

ಹೆಸರಿನಿಂದ ಹುಡುಕುವುದು

ಆ್ಯಕ್ಷನ್‌ಗೆ ಡಬ್ಲ್ಯೂಬಿಸರ್ಚ್‌ಎಂಟಿಟೀಸ್ ಎಂಬ ಮೌಲ್ಯ, ಸರ್ಚ್ ಎಂಬುದಕ್ಕೆ ಹುಡುಕಬೇಕಾದ ಹೆಸರು, ಲ್ಯಾಂಗ್ವೇಜ್ ಎಂಬುದಕ್ಕೆ ಕನ್ನಡದ ಸಂಕೇತವಾದ ಕೆಎನ್. ಇಷ್ಟಿದ್ದರೆ ಹೆಸರಿನ ಹುಡುಕಾಟ ನಡೆಯುತ್ತದೆ. ಫಲಿತಾಂಶದ ವಿವರಣೆಗಳೂ ಕನ್ನಡದಲ್ಲಿ ಬೇಕಾದರೆ ಯೂಸ್‌ಲ್ಯಾಂಗ್ ಎಂಬುದಕ್ಕೂ ಕೆಎನ್ ಕೊಡಬೇಕು. ಬೇರೆ ಹೇಳದಿದ್ದರೆ ಒಮ್ಮೆಗೆ 7 ಫಲಿತಾಂಶಗಳು ಬರುತ್ತವೆ. ಲಿಮಿಟ್ ಮೂಲಕ 50ರವರೆಗೆ ಕೇಳಬಹುದು. ಪ್ರತಿ ಫಲಿತಾಂಶದಲ್ಲಿ ಕ್ಯೂ ಸಂಖ್ಯೆ, ಲೇಬಲ್ (ಐಟಂನ ಮುಖ್ಯ ಹೆಸರು), ಕಿರುವಿವರಣೆ ಇವುಗಳ ಜತೆಗೆ ಮ್ಯಾಚ್ ಎಂಬ ಭಾಗವೂ ಇದ್ದು, ನಾವು ಕೊಟ್ಟ ಹೆಸರು ಐಟಂನ ಮುಖ್ಯ ಲೇಬಲ್‌ಗೆ ಹೊಂದಿತೋ ಅಥವಾ ಪರ್ಯಾಯ ಹೆಸರಿಗೆ ಹೊಂದಿತೋ ಎಂಬುದನ್ನು ಅದು ತಿಳಿಸುತ್ತದೆ.

ಈ ಹುಡುಕಾಟವು ಹೆಸರನ್ನು ಆರಂಭದಿಂದ ಹೋಲಿಸುತ್ತದೆಯೇ ಹೊರತು ನಡುವಿನ ಪದಗಳನ್ನು ನೋಡುವುದಿಲ್ಲ. ಕವಿ ಗೋವಿಂದ ಪೈಯವರನ್ನೇ ತೆಗೆದುಕೊಳ್ಳೋಣ. 1883ರಲ್ಲಿ ಮಂಜೇಶ್ವರದಲ್ಲಿ ಹುಟ್ಟಿದ ಅವರನ್ನು ಜನ ಮಂಜೇಶ್ವರ ಗೋವಿಂದ ಪೈ, ಎಂ. ಗೋವಿಂದ ಪೈ, ರಾಷ್ಟ್ರಕವಿ ಗೋವಿಂದ ಪೈ ಎಂದೆಲ್ಲ ಕರೆಯುತ್ತಾರೆ. ಐಟಂನ ಲೇಬಲ್ ‘ಎಂ. ಗೋವಿಂದ ಪೈ’ ಎಂದಿದ್ದು, ‘ಗೋವಿಂದ ಪೈ’ ಎಂಬ ಪರ್ಯಾಯ ಹೆಸರನ್ನು ಯಾರೂ ಸೇರಿಸಿಲ್ಲವಾದರೆ, ‘ಗೋವಿಂದ ಪೈ’ ಎಂದು ಹುಡುಕಿದವರಿಗೆ ಕನ್ನಡದ ಹೆಸರಿನ ಮೂಲಕ ಅವರು ಸಿಗುವುದಿಲ್ಲ. ಅದೇ ರೀತಿ, 1843ರಲ್ಲಿ ಹರ್ಮನ್ ಮೋಗ್ಲಿಂಗ್ ಆರಂಭಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ‘ಮಂಗಳೂರು’ ಎಂದು ಆರಂಭಿಸಿ ಹುಡುಕಿದರೆ ಹೊಂದಿಕೆಯಾಗುವುದಿಲ್ಲ, ಏಕೆಂದರೆ ಕೊನೆಯ ಉಕಾರ ಆ ಹೆಸರಿನಲ್ಲಿ ಇಲ್ಲ. ‘ಮಂಗಳೂರ’ ಎಂದು ಕೊಟ್ಟರೆ ಎರಡೂ ಬಗೆಯ ಹೆಸರುಗಳು ಬರಲು ಅವಕಾಶವಿದೆ. ಆದುದರಿಂದ ಹೆಸರಿನ ಹಲವು ರೂಪಗಳ ಚಿಕ್ಕ ಪಟ್ಟಿಯನ್ನು ಮಾಡಿಕೊಂಡು, ಕನ್ನಡದಲ್ಲಿ ಸಿಗದಿದ್ದರೆ ಇಂಗ್ಲಿಷ್ ರೂಪದಲ್ಲಿಯೂ ಹುಡುಕಿ, ಆ ಬಳಿಕವಷ್ಟೇ ಐಟಂ ಇಲ್ಲವೆಂದು ತೀರ್ಮಾನಿಸಬೇಕು.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ದಾರಿಯಿದೆ. ಆ ವ್ಯಕ್ತಿ ಅಥವಾ ಊರಿನ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಲೇಖನವಿದ್ದರೆ, ಡಬ್ಲ್ಯೂಬಿಗೆಟ್‌ಎಂಟಿಟೀಸ್ ಎಂಬ ಆ್ಯಕ್ಷನ್‌ಗೆ ಸೈಟ್ಸ್ ಎಂಬುದರಲ್ಲಿ ಕೆಎನ್‌ವಿಕಿ ಎಂದೂ ಟೈಟಲ್ಸ್ ಎಂಬುದರಲ್ಲಿ ಲೇಖನದ ಶೀರ್ಷಿಕೆಯನ್ನೂ ಕೊಟ್ಟರೆ ಐಟಂ ನೇರವಾಗಿ ಬರುತ್ತದೆ. 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯಕ್ಕೂ ಇದು ಅನ್ವಯಿಸುತ್ತದೆ. ಅದರ ಸಂಕೇತ ಟಿಸಿವೈವಿಕಿ. ನಮ್ಮ ಕರಾವಳಿಯ ದೈವಗಳು, ಆಚರಣೆಗಳು, ಚಿಕ್ಕ ಊರುಗಳ ವಿಷಯದಲ್ಲಿ ತುಳು ವಿಕಿಪೀಡಿಯದ ಶೀರ್ಷಿಕೆಗಳನ್ನೂ ತಪ್ಪದೆ ಪರೀಕ್ಷಿಸಬೇಕೆಂಬುದು ನನ್ನ ಸಲಹೆ.

ಕನ್ನಡ ಅಕ್ಷರಗಳನ್ನು ಸರಿಯಾಗಿ ಕಳುಹಿಸುವುದು

ಬಹಳ ಮಂದಿ ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ವಿಳಾಸದಲ್ಲಿ ಕನ್ನಡ ಅಕ್ಷರಗಳು ಇದ್ದಂತೆಯೇ ಹೋಗುವುದಿಲ್ಲ. ಅವು ಮೊದಲು ಯುಟಿಎಫ್-8 ಬೈಟ್‌ಗಳಾಗಿ, ಬಳಿಕ ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ ಅಥವಾ ಇಂಗ್ಲಿಷ್ ಅಕ್ಷರಗಳಾಗಿ ಬದಲಾಗಿ ಹೋಗುತ್ತವೆ. ‘ಉಡುಪಿ’ ಎಂಬುದು ಕಣ್ಣಿಗೆ ಮೂರು ಅಕ್ಷರವಾದರೂ ಯೂನಿಕೋಡ್‌ನಲ್ಲಿ ಉ, ಡ, ಉಕಾರ, ಪ, ಇಕಾರ ಎಂಬ 5 ಸಂಕೇತಗಳು. ಪ್ರತಿಯೊಂದಕ್ಕೂ 3 ಬೈಟ್‌ನಂತೆ 15 ಬೈಟ್‌ಗಳಾಗುತ್ತವೆ, ವಿಳಾಸದಲ್ಲಿ ಅದು 45 ಚಿಹ್ನೆಗಳ ಸಾಲಾಗುತ್ತದೆ. ಈ ಪರಿವರ್ತನೆಯನ್ನು ಕೈಯಿಂದ ಮಾಡಬಾರದು. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಗೆ ಪ್ಯಾರಾಮೀಟರ್‌ಗಳನ್ನು ಪ್ರತ್ಯೇಕ ಡಿಕ್ಷನರಿಯಾಗಿ ಕೊಟ್ಟರೆ ಅದು ತಾನೇ ಮಾಡುತ್ತದೆ. ವಿಳಾಸವನ್ನು ತುಂಡು ತುಂಡಾಗಿ ಅಂಟಿಸಿ ಕಟ್ಟುವವರು, ಹೆಸರಿನಲ್ಲಿ ಆ್ಯಂಪರ್‌ಸ್ಯಾಂಡ್ ಬಂದ ದಿನ ಅರ್ಧ ಹೆಸರನ್ನಷ್ಟೇ ಹುಡುಕಿ ಬರುತ್ತಾರೆ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದದ್ದು. ‘ಕೋಟ’ ಎಂಬ ಊರಿನ ಹೆಸರಿನಲ್ಲಿರುವ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು. ಎಕಾರ, ಊಕಾರ ಮತ್ತು ದೀರ್ಘದ ಗುರುತು ಎಂಬ ಮೂರು ಸಂಕೇತಗಳಾಗಿ ಒಡೆದೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಂಡರೂ, ಮೊದಲನೆಯದರಲ್ಲಿ 3 ಸಂಕೇತಗಳೂ ಎರಡನೆಯದರಲ್ಲಿ 5 ಸಂಕೇತಗಳೂ ಇರುವುದರಿಂದ ನಮ್ಮ ಪ್ರೋಗ್ರಾಂ ಇವೆರಡನ್ನೂ ಬೇರೆ ಬೇರೆ ಹೆಸರುಗಳೆಂದೇ ತಿಳಿಯುತ್ತದೆ. ಏಕಾರ, ಐಕಾರ, ಒಕಾರ ಮತ್ತು ಈಕಾರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹಳೆಯ ಕಡತಗಳಿಂದ ಪರಿವರ್ತಿಸಿ ತಂದ ಪಠ್ಯದಲ್ಲಿ ಒಡೆದ ರೂಪಗಳು ಉಳಿದಿರಬಹುದು. ವಿಕಿಡೇಟಾ ಜೋಡಿಸಿದ ರೂಪವನ್ನು, ಅಂದರೆ ಎನ್‌ಎಫ್‌ಸಿ ರೂಪವನ್ನು, ಇಟ್ಟುಕೊಳ್ಳುತ್ತದೆ. ಆದುದರಿಂದ ಪ್ರತಿ ಹೆಸರನ್ನೂ ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್ ಕಾರ್ಯದಿಂದ ಎನ್‌ಎಫ್‌ಸಿಗೆ ತಂದುಕೊಂಡೇ ಹುಡುಕಬೇಕು, ಬಂದ ಉತ್ತರದೊಡನೆಯೂ ಅದೇ ರೂಪದಲ್ಲಿ ಹೋಲಿಸಬೇಕು.

ಇವುಗಳ ಜತೆಗೆ ‘ಮೋಗ್ಲಿಂಗ್’ ಎಂಬಂತಹ ಅರ್ಧಾಕ್ಷರದಿಂದ ಕೊನೆಗೊಳ್ಳುವ ಹೆಸರುಗಳ ಕೊನೆಯಲ್ಲಿ, ಅಕ್ಷರಗಳು ಒತ್ತಕ್ಷರವಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಝೀರೊ ವಿಡ್ತ್ ನಾನ್‌ಜಾಯ್ನರ್ ಸೇರಿಕೊಂಡಿರಬಹುದು. ಪದದ ನಡುವೆ ಅದಕ್ಕೆ ಕೆಲಸವಿದೆ, ಕೊನೆಯಲ್ಲಿ ಇಲ್ಲ. ಹೆಸರಿನ ಮೊದಲಿನ ಮತ್ತು ಕೊನೆಯ ಖಾಲಿ ಜಾಗಗಳನ್ನು ತೆಗೆಯುವಾಗ ಇದನ್ನೂ ತೆಗೆಯಬೇಕು. ಪೈಥಾನ್‌ನ ಸ್ಟ್ರಿಪ್ ಕಾರ್ಯ ಇದನ್ನು ಖಾಲಿ ಜಾಗವೆಂದು ಪರಿಗಣಿಸುವುದಿಲ್ಲವಾದ್ದರಿಂದ ಪ್ರತ್ಯೇಕವಾಗಿ ಹೇಳಬೇಕಾಗುತ್ತದೆ.

ಸಿಕ್ಕಿದ ಐಟಂ ಸರಿಯಾದದ್ದೇ ಎಂದು ನೋಡುವುದು

ಮೊದಲ ಫಲಿತಾಂಶವನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳುವ ಪ್ರೋಗ್ರಾಂ ನಿಧಾನವಾಗಿ ಪಟ್ಟಿಯನ್ನು ಹಾಳುಮಾಡುತ್ತದೆ. ಶಿವರಾಮ ಕಾರಂತರ ಹುಟ್ಟೂರಾದ ಕೋಟ ಉಡುಪಿ ಜಿಲ್ಲೆಯಲ್ಲಿದೆ. ಅದೇ ಹೆಸರಿನ ದೊಡ್ಡ ನಗರ ರಾಜಸ್ಥಾನದಲ್ಲಿದೆ. ಇವೆರಡನ್ನು ಬೇರ್ಪಡಿಸಲು ಪಿ625ರಲ್ಲಿರುವ ಅಕ್ಷಾಂಶವನ್ನು ನೋಡಿದರೆ ಸಾಕು: ನಮ್ಮ ಕೋಟ ಸುಮಾರು 13.5 ಡಿಗ್ರಿಯ ಆಸುಪಾಸಿನಲ್ಲಿದ್ದರೆ ರಾಜಸ್ಥಾನದ್ದು 25 ಡಿಗ್ರಿ ದಾಟುತ್ತದೆ. ಸ್ಥಳಗಳಿಗೆ ಅಕ್ಷಾಂಶ, ವ್ಯಕ್ತಿಗಳಿಗೆ ಪಿ31 ಕ್ಯೂ5, ಅಂದರೆ ಮನುಷ್ಯ, ಎಂದಿದೆಯೇ ಎಂಬುದು ಮತ್ತು ಜನ್ಮವರ್ಷ. ಇಷ್ಟನ್ನು ಪ್ರೋಗ್ರಾಂನಿಂದಲೇ ಪರೀಕ್ಷಿಸಿ, ಸಂಶಯ ಉಳಿದವುಗಳನ್ನು ಬೇರೆ ಹಾಳೆಗೆ ಹಾಕಿ ಒಬ್ಬರು ಕುಳಿತು ನೋಡಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕರ್ನಾಟಕದೊಳಗೆ ಇದೆಯೇ ಎಂಬ ಷರತ್ತನ್ನು ಹಾಕಿ ಶೋಧಿಸಿದರೆ ಮಂಜೇಶ್ವರ ಬಿಟ್ಟುಹೋಗುತ್ತದೆ, ಏಕೆಂದರೆ 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಅದು ಕೇರಳಕ್ಕೆ ಸೇರಿದೆ. ತುಳುನಾಡಿನ ಪಟ್ಟಿ ಮಾಡುವವರು ಕ್ಯೂ1185ರ ಜತೆಗೆ ಕೇರಳದ ಕ್ಯೂ1186ನ್ನೂ ಗಮನದಲ್ಲಿಡಬೇಕು.

ಸಂಖ್ಯೆಯ ಮೂಲಕ ಪಡೆಯುವುದು

ಕ್ಯೂ ಸಂಖ್ಯೆಗಳು ಸಿದ್ಧವಾದ ಮೇಲೆ ಕೆಲಸ ಸುಲಭ. ಡಬ್ಲ್ಯೂಬಿಗೆಟ್‌ಎಂಟಿಟೀಸ್ ಎಂಬ ಆ್ಯಕ್ಷನ್‌ನ ಐಡೀಸ್ ಎಂಬ ಪ್ಯಾರಾಮೀಟರ್‌ಗೆ ಸಂಖ್ಯೆಗಳನ್ನು ನೆಟ್ಟಗಿನ ಗೆರೆಯಿಂದ ಬೇರ್ಪಡಿಸಿ ಒಮ್ಮೆಗೆ 50ರವರೆಗೆ ಕೊಡಬಹುದು. ಐವತ್ತು ಐಟಂಗಳಿಗೆ ಐವತ್ತು ವಿನಂತಿಗಳನ್ನು ಕಳುಹಿಸುವುದು ಅನಗತ್ಯ. ಪ್ರಾಪ್ಸ್ ಎಂಬುದರಲ್ಲಿ ಲೇಬಲ್ಸ್, ಡಿಸ್ಕ್ರಿಪ್ಷನ್ಸ್, ಕ್ಲೇಮ್ಸ್ ಎಂದು ಬೇಕಾದ ಭಾಗಗಳನ್ನು ಮಾತ್ರ ಹೆಸರಿಸಬೇಕು. ಲ್ಯಾಂಗ್ವೇಜಸ್ ಎಂಬುದರಲ್ಲಿ ಬೇಕಾದ ಭಾಷೆಗಳನ್ನು ಹೇಳಬೇಕು. ಹೇಳದೆ ಇದ್ದರೆ ಐಟಂನ ಹೆಸರು ಎಷ್ಟು ಭಾಷೆಗಳಲ್ಲಿದೆಯೋ ಅಷ್ಟೂ ಬರುತ್ತದೆ. ತುಳುವಿನಲ್ಲಿ ಕೇಳಿ, ಲ್ಯಾಂಗ್ವೇಜ್‌ಫಾಲ್‌ಬ್ಯಾಕ್ ಎಂಬುದನ್ನು ಸೇರಿಸಿದರೆ, ತುಳು ಲೇಬಲ್ ಇಲ್ಲದ ಕಡೆ ಕನ್ನಡದ್ದು ಬರುತ್ತದೆ. ಅದು ನಿಜವಾಗಿ ಯಾವ ಭಾಷೆಯದು ಎಂಬುದನ್ನು ಉತ್ತರದಲ್ಲಿಯೇ ಗುರುತಿಸಿರುತ್ತಾರೆ.

ಉತ್ತರದಲ್ಲಿ ಮಿಸಿಂಗ್ ಎಂಬ ಗುರುತಿದ್ದರೆ ಆ ಐಟಂ ಇಲ್ಲವೆಂದು ಅರ್ಥ. ಎರಡು ಐಟಂಗಳನ್ನು ವಿಲೀನಗೊಳಿಸಿದ್ದರೆ ಹಳೆಯ ಸಂಖ್ಯೆ ಹೊಸದಕ್ಕೆ ಕರೆದೊಯ್ಯುತ್ತದೆ, ಆದ್ದರಿಂದ ನಾವು ಕೇಳಿದ ಸಂಖ್ಯೆಯೂ ಬಂದ ಐಟಂನೊಳಗಿನ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ನೋಡಿ, ಬೇರೆಯಾಗಿದ್ದರೆ ಪಟ್ಟಿಯಲ್ಲಿ ಹೊಸದನ್ನು ಬರೆದುಕೊಳ್ಳಬೇಕು.

ಹೇಳಿಕೆಗಳನ್ನು ಓದುವ ಕ್ರಮ

ಕ್ಲೇಮ್ಸ್ ಭಾಗದಲ್ಲಿ ಪ್ರತಿ ಗುಣಕ್ಕೂ ಒಂದು ಮೌಲ್ಯವಲ್ಲ, ಹೇಳಿಕೆಗಳ ಸರಣಿಯೇ ಇರುತ್ತದೆ. ಕಾರ್ಕಳ, ಕುಂದಾಪುರಗಳು 1997ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದು ಆ ವರ್ಷ ಉಡುಪಿ ಜಿಲ್ಲೆಗೆ ಸೇರಿದವು. ಇಂತಹ ಊರಿನ ಪಿ131ರಲ್ಲಿ ಎರಡೂ ಜಿಲ್ಲೆಗಳು ಇರುವುದು ತಪ್ಪಲ್ಲ. ಯಾವುದು ಇಂದಿನದು ಎಂಬುದನ್ನು ತಿಳಿಯಲು ಹೇಳಿಕೆಯ ರ‍್ಯಾಂಕ್ ನೋಡಬೇಕು: ಪ್ರಿಫರ್ಡ್ ಇದ್ದರೆ ಅದನ್ನು ಮಾತ್ರ, ಇಲ್ಲದಿದ್ದರೆ ನಾರ್ಮಲ್ ಇರುವ ಎಲ್ಲವನ್ನೂ ತೆಗೆದುಕೊಳ್ಳಬೇಕು, ಡೆಪ್ರಿಕೇಟೆಡ್ ಇದ್ದದ್ದನ್ನು ಬಿಡಬೇಕು. ಜತೆಗೆ ಪಿ580 ಮತ್ತು ಪಿ582 ಎಂಬ ಆರಂಭ ಮತ್ತು ಅಂತ್ಯದ ಕಾಲಸೂಚಕಗಳು ಇದ್ದರೆ ಅವುಗಳನ್ನೂ ಓದಬೇಕು. ಸರಣಿಯ ಮೊದಲನೆಯದನ್ನು ಎತ್ತಿಕೊಂಡರೆ ಸಾಕೆಂಬ ಅಭ್ಯಾಸದಿಂದಲೇ ಕುಂದಾಪುರ ಇಂದಿಗೂ ದಕ್ಷಿಣ ಕನ್ನಡದಲ್ಲಿ ಉಳಿದುಬಿಡುತ್ತದೆ.

ದಿನಾಂಕಗಳನ್ನು ಓದುವಾಗ ಪ್ರಿಸಿಷನ್ ಎಂಬ ಅಂಕಿಯನ್ನು ನೋಡದೆ ಮುಂದುವರಿಯಬಾರದು. ಅದು 11 ಆಗಿದ್ದರೆ ದಿನದವರೆಗೆ ಖಚಿತ, 10 ಆದರೆ ತಿಂಗಳು ಮಾತ್ರ, 9 ಆದರೆ ವರ್ಷ ಮಾತ್ರ. ಕಾರಂತರ ಜನ್ಮದಿನ 1902ರ ಅಕ್ಟೋಬರ್ 10; ಇದನ್ನು ದಿನದ ಮಟ್ಟಕ್ಕೆ ಬರೆಯಬಹುದು. ವರ್ಷ ಮಾತ್ರ ತಿಳಿದಿರುವ ವ್ಯಕ್ತಿಯ ದಿನಾಂಕದಲ್ಲಿ ತಿಂಗಳು ಮತ್ತು ದಿನದ ಜಾಗದಲ್ಲಿ ಸೊನ್ನೆಗಳು ಇರಬಹುದು, ಇಲ್ಲವೆ ಜನವರಿ 1 ಎಂದಿರಬಹುದು. ಸೊನ್ನೆಗಳಿದ್ದರೆ ಪೈಥಾನ್‌ನ ದಿನಾಂಕದ ಕಾರ್ಯ ದೋಷ ತೋರಿಸಿ ನಿಲ್ಲುತ್ತದೆ. ಜನವರಿ 1 ಎಂದಿದ್ದರೆ ಅದು ನಿಲ್ಲುವುದಿಲ್ಲ, ಸುಳ್ಳು ಜನ್ಮದಿನವನ್ನು ಪಟ್ಟಿಗೆ ಸೇರಿಸುತ್ತದೆ. ಇದು ಹೆಚ್ಚಿನ ಅಪಾಯ.

ಮೌಲ್ಯವನ್ನು ತೆಗೆಯುವ ಮೊದಲು ಸ್ನ್ಯಾಕ್‌ಟೈಪ್ ಎಂಬುದು ವ್ಯಾಲ್ಯೂ ಆಗಿದೆಯೇ ಎಂದು ಪರೀಕ್ಷಿಸಬೇಕು. ಸಮ್‌ವ್ಯಾಲ್ಯೂ ಎಂದಿದ್ದರೆ ಮೌಲ್ಯವಿದೆ ಆದರೆ ತಿಳಿದಿಲ್ಲ, ನೋವ್ಯಾಲ್ಯೂ ಎಂದಿದ್ದರೆ ಮೌಲ್ಯವೇ ಇಲ್ಲ.

ಷರತ್ತುಗಳ ಮೂಲಕ ಹುಡುಕುವುದು

ಹೆಸರುಗಳೇ ಗೊತ್ತಿಲ್ಲದಾಗ, ಅಂದರೆ ಉಡುಪಿಯಲ್ಲಿ ಹುಟ್ಟಿದ ಲೇಖಕರು ಯಾರು ಯಾರು ಎಂದು ಕೇಳಬೇಕಾದಾಗ, ಆ್ಯಕ್ಷನ್‌ಗೆ ಕ್ವೆರಿ, ಲಿಸ್ಟ್‌ಗೆ ಸರ್ಚ್ ಎಂದು ಕೊಟ್ಟು, ಎಸ್‌ಆರ್‌ಸರ್ಚ್ ಎಂಬುದರಲ್ಲಿ ಷರತ್ತನ್ನು ಬರೆಯಬೇಕು. ಹ್ಯಾಸ್‌ಡಬ್ಲ್ಯೂಬಿಸ್ಟೇಟ್‌ಮೆಂಟ್ ಎಂಬ ಪದ, ವಿಸರ್ಗದಂತಹ ಚಿಹ್ನೆಯಾದ ಕೋಲನ್, ಬಳಿಕ ಪಿ19 ಸಮ ಚಿಹ್ನೆ ಉಡುಪಿಯ ಕ್ಯೂ ಸಂಖ್ಯೆ; ಜಾಗ ಬಿಟ್ಟು ಅದೇ ಪದದೊಡನೆ ಪಿ106 ಸಮ ಕ್ಯೂ36180, ಅಂದರೆ ಲೇಖಕ. ಜಾಗ ಬಿಟ್ಟು ಬರೆದರೆ ಎರಡೂ ಷರತ್ತುಗಳು ಹೊಂದಬೇಕು. ಒಂದೇ ಪದದೊಳಗೆ ನೆಟ್ಟಗಿನ ಗೆರೆಯಿಂದ ಜೋಡಿಸಿದರೆ ಯಾವುದಾದರೂ ಒಂದು ಹೊಂದಿದರೆ ಸಾಕು.

ಈ ಹುಡುಕಾಟ ಅಕ್ಷರಶಃ ಹೋಲಿಸುತ್ತದೆಯೇ ಹೊರತು ಅರ್ಥವನ್ನು ಬಿಡಿಸುವುದಿಲ್ಲ. ಕವಿ ಎಂದು ಮಾತ್ರ ದಾಖಲಾದವರು ಲೇಖಕರ ಹುಡುಕಾಟದಲ್ಲಿ ಬರುವುದಿಲ್ಲ, ಅವರಿಗಾಗಿ ಕ್ಯೂ49757ನ್ನೂ ಸೇರಿಸಬೇಕು. ಕೋಟದಲ್ಲಿ ಹುಟ್ಟಿದವರು ಉಡುಪಿ ಜಿಲ್ಲೆ ಎಂದು ಹುಡುಕಿದಾಗ ಸಿಗುವುದಿಲ್ಲ. ಊರು ತಾಲ್ಲೂಕಿನೊಳಗೆ, ತಾಲ್ಲೂಕು ಜಿಲ್ಲೆಯೊಳಗೆ ಎಂಬ ಸರಪಳಿಯನ್ನು ಹಿಡಿದು ಹೋಗಬೇಕಾದರೆ ಸ್ಪಾರ್ಕಲ್ ಎಂಬ ಪ್ರಶ್ನಾಭಾಷೆಯ ಸೇವೆಯನ್ನು ಬಳಸಬೇಕು. ಅಲ್ಲಿ ಒಂದು ಪ್ರಶ್ನೆಗೆ 60 ಸೆಕೆಂಡುಗಳ ಕಾಲಮಿತಿಯಿದೆ. ಕಡಿಮೆ ಊರುಗಳಿದ್ದರೆ ಒಂದೊಂದು ಊರಿಗೂ ಬೇರೆ ಬೇರೆಯಾಗಿ ಹುಡುಕುವುದೇ ಸರಳವೆಂದು ನನ್ನ ಅಭಿಪ್ರಾಯ.

ಒಂದು ಜಾಗದ ಸುತ್ತಮುತ್ತ ಏನಿದೆ ಎಂದು ತಿಳಿಯಲು ಕನ್ನಡ ವಿಕಿಪೀಡಿಯದ ಎಪಿಐಯಲ್ಲಿ ಜಿಯೋಸರ್ಚ್ ಎಂಬ ಲಿಸ್ಟ್ ಇದೆ. ಕೇಂದ್ರಬಿಂದುವಿನ ಅಕ್ಷಾಂಶ ರೇಖಾಂಶ, ಉದಾಹರಣೆಗೆ ಉಡುಪಿಗೆ 13.34 ಮತ್ತು 74.75, ಹಾಗೂ ಮೀಟರ್‌ಗಳಲ್ಲಿ ತ್ರಿಜ್ಯವನ್ನು ಕೊಡಬೇಕು. ತ್ರಿಜ್ಯದ ಗರಿಷ್ಠ ಮಿತಿ 10,000 ಮೀಟರ್ ಆದ್ದರಿಂದ ಉಡುಪಿಯಲ್ಲಿ ನಿಂತು ಕಾರ್ಕಳವನ್ನು ಹುಡುಕಲಾಗದು. ಕರಾವಳಿಯುದ್ದಕ್ಕೂ ಹಲವು ಕೇಂದ್ರಬಿಂದುಗಳನ್ನು ಇಟ್ಟುಕೊಂಡು ಹೋಗಬೇಕು.

ಷರತ್ತಿನ ಹುಡುಕಾಟದ ಫಲಿತಾಂಶಗಳು ಸಾಮಾನ್ಯವಾಗಿ ಹತ್ತು ಹತ್ತಾಗಿ ಬರುತ್ತವೆ. ಉತ್ತರದಲ್ಲಿ ಕಂಟಿನ್ಯೂ ಎಂಬ ಭಾಗವಿದ್ದರೆ ಇನ್ನೂ ಉಳಿದಿವೆ ಎಂದು ಅರ್ಥ. ಅದರೊಳಗಿನ ಎಲ್ಲ ಜೋಡಿಗಳನ್ನೂ ಇದ್ದಂತೆಯೇ ಹಿಂದಿನ ವಿನಂತಿಗೆ ಸೇರಿಸಿ ಮತ್ತೆ ಕಳುಹಿಸಬೇಕು, ಆ ಭಾಗ ಕಾಣದಾಗ ನಿಲ್ಲಿಸಬೇಕು. ಹೆಸರಿನ ಹುಡುಕಾಟದಲ್ಲಿ ಮಾತ್ರ ಸರ್ಚ್-ಕಂಟಿನ್ಯೂ ಎಂಬ ಒಂದು ಅಂಕಿ ಬರುತ್ತದೆ, ಅದನ್ನು ಕಂಟಿನ್ಯೂ ಎಂಬ ಪ್ಯಾರಾಮೀಟರ್‌ಗೆ ಕೊಡಬೇಕು.

ಸರ್ವರ್‌ಗೆ ಹೊರೆಯಾಗದಂತೆ ನಡೆದುಕೊಳ್ಳುವುದು

ವಿಕಿಡೇಟಾವನ್ನು ಜಗತ್ತಿನೆಲ್ಲೆಡೆಯ ಜನ ಉಚಿತವಾಗಿ ಬಳಸುತ್ತಾರೆ. ನಮ್ಮ ಕಾಲೇಜಿನ ಲ್ಯಾಬ್‌ನಿಂದ ಮೂವತ್ತು ಕಂಪ್ಯೂಟರ್‌ಗಳು ಒಮ್ಮೆಗೇ ವಿನಂತಿಗಳನ್ನು ಸುರಿಸುವುದು ಸರಿಯಲ್ಲ. ವಿನಂತಿಗಳನ್ನು ಒಂದರ ಬಳಿಕ ಒಂದರಂತೆ ಕಳುಹಿಸಬೇಕು. ವಿನಂತಿಯ ಜತೆಗೆ ಹೋಗುವ ಯೂಸರ್-ಏಜೆಂಟ್ ಎಂಬ ಹೆಡರ್‌ನಲ್ಲಿ ಯೋಜನೆಯ ಹೆಸರು ಮತ್ತು ಸಂಪರ್ಕದ ದಾರಿಯನ್ನು ಬರೆಯಬೇಕೆಂಬುದು ವಿಕಿಮೀಡಿಯದ ನಿಯಮ. ಲೈಬ್ರರಿಯ ಸಾಮಾನ್ಯ ಹೆಸರನ್ನೇ ಬಿಟ್ಟರೆ ವಿನಂತಿ ತಿರಸ್ಕೃತವಾಗಬಹುದು. ಯಾರೂ ಎದುರಿಗೆ ಕಾಯುತ್ತಿಲ್ಲದ ಕೆಲಸಗಳಿಗೆ ಮ್ಯಾಕ್ಸ್‌ಲ್ಯಾಗ್ ಎಂಬುದಕ್ಕೆ 5 ಎಂದು ಕೊಟ್ಟರೆ, ಸರ್ವರ್‌ಗಳು ಹಿಂದೆ ಬಿದ್ದಿರುವಾಗ ನಮ್ಮ ವಿನಂತಿ ದೋಷದೊಡನೆ ಮರಳುತ್ತದೆ. ಆಗ, ಅಥವಾ ವಿನಂತಿಗಳು ಮಿತಿ ಮೀರಿದವು ಎನ್ನುವ 429 ಎಂಬ ಸ್ಥಿತಿಸಂಕೇತ ಬಂದಾಗ, ರೀಟ್ರೈ-ಆಫ್ಟರ್ ಹೆಡರ್ ಹೇಳಿದಷ್ಟು ಸೆಕೆಂಡು ಕಾದು ಮತ್ತೆ ಕಳುಹಿಸಬೇಕು.

ಯಶಸ್ಸನ್ನು ಸೂಚಿಸುವ ಸ್ಥಿತಿಸಂಕೇತ 200 ಬಂದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದು ನಂಬಬಾರದು. ತಪ್ಪು ಪ್ಯಾರಾಮೀಟರ್ ಕೊಟ್ಟಾಗಲೂ ಈ ಎಪಿಐ 200ರೊಡನೆಯೇ ಉತ್ತರಿಸಿ, ಜೇಸನ್‌ನ ಒಳಗೆ ಎರರ್ ಎಂಬ ಭಾಗದಲ್ಲಿ ಕಾರಣವನ್ನು ತಿಳಿಸುತ್ತದೆ. ಪ್ರತಿ ಉತ್ತರದಲ್ಲಿಯೂ ಮೊದಲು ಈ ಭಾಗವಿದೆಯೇ ಎಂದು ನೋಡಿ ಆಮೇಲೆ ಮುಂದುವರಿಯಬೇಕು.

ಬಂದ ಉತ್ತರಗಳನ್ನು ಕ್ಯೂ ಸಂಖ್ಯೆಯ ಹೆಸರಿನ ಕಡತಗಳಾಗಿ ಉಳಿಸಿಕೊಳ್ಳಬೇಕು. ಪ್ರಾಪ್ಸ್‌ನಲ್ಲಿ ಇನ್ಫೊ ಎಂದು ಸೇರಿಸಿದರೆ ಲಾಸ್ಟ್‌ರೆವ್‌ಐಡಿ ಎಂಬ ಅಂಕಿ ಬರುತ್ತದೆ. ಐಟಂ ಬದಲಾದಾಗಲೆಲ್ಲ ಅದು ಬದಲಾಗುತ್ತದೆ. ಮುಂದಿನ ಸಲ ಪಟ್ಟಿಯನ್ನು ನವೀಕರಿಸುವಾಗ ಐವತ್ತೈವತ್ತು ಸಂಖ್ಯೆಗಳಿಗೆ ಇನ್ಫೊ ಭಾಗವನ್ನು ಮಾತ್ರ ಕೇಳಿ, ಉಳಿಸಿಕೊಂಡ ಅಂಕಿಯೊಡನೆ ಹೋಲಿಸಿ, ಬದಲಾದ ಐಟಂಗಳನ್ನಷ್ಟೇ ಪೂರ್ತಿಯಾಗಿ ತರಿಸಿಕೊಳ್ಳಬೇಕು. ಯಾರಾದರೂ ಇದೀಗ ಸೇರಿಸಿದ ಕನ್ನಡ ಲೇಬಲ್ ಹುಡುಕಾಟದಲ್ಲಿ ಕಾಣಿಸಿಕೊಳ್ಳಲು ಸ್ವಲ್ಪ ಸಮಯ ಹಿಡಿಯಬಹುದು, ಏಕೆಂದರೆ ಹುಡುಕಾಟದ ಸೂಚಿ ಬದಲಾವಣೆಯ ಬಳಿಕ ತಡವಾಗಿ ನವೀಕರಣಗೊಳ್ಳುತ್ತದೆ; ಅಷ್ಟರೊಳಗೆ ಬೇಕಾದರೆ ಕ್ಯೂ ಸಂಖ್ಯೆಯ ಮೂಲಕ ಆ ಐಟಂ ಅನ್ನು ನೇರವಾಗಿ ಪಡೆದರೆ ಹೊಸ ಲೇಬಲ್ ಅದರಲ್ಲಿರುತ್ತದೆ.